ಚೌಕ ದಂಟು, ದುಂಡು ದಂಟು

ಜೂನ್ 24, ಎನ್ಯೊವ್ದೆನ್ ಹಬ್ಬ

ಸೂರ್ಯ ಹುಟ್ಟುವ ಮೊದಲೇ ಅಜ್ಜಿ ನನ್ನ ಹೊದಿಕೆ ಎಳೆದಳು. ವರ್ಷಕ್ಕೊಮ್ಮೆ, ಈ ದಿನ, ಬಾಯಿ ಬಿಡದೆ ಬೆಟ್ಟ ಹತ್ತಬೇಕು. ಇಬ್ಬನಿ ಆರುವುದರೊಳಗೆ ಎಪ್ಪತ್ತೇಳೂವರೆ ಬಗೆಯ ಮದ್ದಿನ ಗಿಡ ಕೀಳಬೇಕು. ಎಪ್ಪತ್ತೇಳು ರೋಗಕ್ಕೆ ಎಪ್ಪತ್ತೇಳು ಗಿಡ, ಹೆಸರಿಲ್ಲದ ಅರ್ಧ ರೋಗಕ್ಕೆ ಅರ್ಧ ಗಿಡ. ಆ ಅರ್ಧವನ್ನು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಕಣ್ಣು ಮುಚ್ಚಿಕೊಂಡು ಕೀಳುತ್ತಾರೆ.

ಹಿಂದೆಲ್ಲ ಅದು ನನ್ನ ಕೆಲಸ. ಈಗ ಯೋನಾಳದು. ಅಕ್ಕ ದೆನಿತ್ಸಾಳ ಮಗಳು. ಅಕ್ಕ ಸ್ಪೇನಿನ ತೋಟಗಳಲ್ಲಿ ಹಣ್ಣು ಕೀಳುತ್ತಾಳೆ, ಮಗಳು ನಮ್ಮ ಹತ್ತಿರ ಇದ್ದಾಳೆ. ಸೆಪ್ಟೆಂಬರಿನಲ್ಲಿ ಒಂದನೇ ತರಗತಿ. ಕಣ್ಣು ಮುಚ್ಚಿ ಕೈಯಾಡಿಸಿ ಅವಳು ಕಿತ್ತದ್ದು ಲಾಯ್ಕಾ, ಹಳದಿ ಹೊಟ್ಟೆಯ ಪುಟ್ಟ ಬಿಳಿ ಹೂವು. ಕಿತ್ತ ಕೂಡಲೇ ಸೀನಿದಳು. ಮೌನ ಮುರಿಯಿತೆಂದು ಅಜ್ಜಿ ಕಣ್ಣು ಬಿಟ್ಟಳು. ನನಗೆ ನಗು.

ಎಲ್ಲವನ್ನೂ ಹೆಣೆದು ಅಜ್ಜಿ ದೊಡ್ಡ ಬಳೆಯಂಥ ಮಾಲೆ ಮಾಡಿದಳು. ನಾವಿಬ್ಬರೂ ಅದರೊಳಗೆ ತೂರಿ ಬಂದೆವು. ವರ್ಷವಿಡೀ ಕಾಯಲಿ ಎಂದು ಅದನ್ನು ಯೋನಾಳ ಮಂಚದ ಮೇಲಿನ ತೊಲೆಗೆ ತೂಗುಹಾಕಿದ್ದಾಯಿತು. ಮನೆಯಲ್ಲಿ ಯಾರಿಗೆ ಏನಾದರೂ ಅದರಿಂದ ಒಂದು ಚಿಟಿಕೆ ಮುರಿದು ಕುದಿಸುವುದು ರೂಢಿ.

ಬರುವ ವಾರ ನಾನು ಸಮುದ್ರದ ಕಡೆ ಹೊರಡುತ್ತೇನೆ. ಗೆಳತಿ ಪೆಪಾ ಕೆಲಸ ಮಾಡುವ ಹೋಟೆಲಿನಲ್ಲಿ ತಟ್ಟೆ ಹೊರುವವರು ಬೇಕಂತೆ. ಈ ಬೆಟ್ಟದಲ್ಲಿ ಇನ್ನೊಂದು ಚಳಿಗಾಲ ಕಳೆದರೆ ನನಗೆ ಹುಚ್ಚೇ ಹಿಡಿದೀತು.

ಜೂನ್ 30

ಯೋನಾಳ ಕಣ್ಣು ಎದ್ದಾಗ ತೆರೆಯಲೇ ಇಲ್ಲ. ರೆಪ್ಪೆಗಳು ಬ್ರೆಡ್ಡಿನಂತೆ ಉಬ್ಬಿದ್ದವು. ಅಜ್ಜಿ ಲಾಯ್ಕಾ ಕುದಿಸಿ, ಆರಿಸಿ, ಹತ್ತಿಯಿಂದ ಒರೆಸಿದಳು. ಈ ದೇಶದಲ್ಲಿ ಯಾವ ಮಗುವಿನ ಕಣ್ಣಿಗೆ ಲಾಯ್ಕಾ ಹಾಕಿಲ್ಲ? ನನಗೂ ಹಾಕಿದ್ದಾಳೆ, ಅಮ್ಮನಿಗೂ ಹಾಕಿದ್ದಾಳೆ.

"ಉರೀತಿದೆ ಅಜ್ಜಿ."

"ಉರಿದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ ಕಣೇ ಪುಟ್ಟಿ. ಕೈ ತೆಗಿ."

ಸಂಜೆಗೆ ಇನ್ನೂ ಉಬ್ಬಿತ್ತು. "ಅಜ್ಜಿ, ನೀನು ತೊಳೆದ ಮೇಲೇ ಜಾಸ್ತಿ ಆಗಿದೆ" ಅಂದೆ. "ಸ್ಕೂಲು ಬಿಟ್ಟೋಳು ಈಗ ಡಾಕ್ಟರಾ?" ಅಂದಳು. ಸ್ಕೂಲು ಬಿಟ್ಟದ್ದು ನಿಜ. ಪರೀಕ್ಷೆಯಲ್ಲಿ ಮೇಷ್ಟ್ರೇ ಉತ್ತರ ಹೇಳಿಕೊಟ್ಟರು ಎಂದು ಇನ್‌ಸ್ಪೆಕ್ಟರ ಮುಂದೆ ಎದ್ದು ನಿಂತು ಹೇಳಿದೆ. ಆಮೇಲೆ ಇಡೀ ತರಗತಿ ನನ್ನನ್ನು ಊಟದ ತಟ್ಟೆಗೆ ಉಗಿದವಳಂತೆ ನೋಡಿತು. ಮತ್ತೆ ಹೋಗಲಿಲ್ಲ. ಆದರೆ ಕಣ್ಣು ಉಬ್ಬಿದ್ದೂ ನಿಜವೇ.

ಜುಲೈ 7

ಹೊರಡಬೇಕಿತ್ತು. ಹೊರಡಲಿಲ್ಲ. ಯೋನಾಳ ಎದೆಯಲ್ಲಿ ಸಿಳ್ಳೆ.

ಜುಲೈ 9

ಯೋನಾಳನ್ನು ಸ್ಮೋಲ್ಯಾನ್ ಪೇಟೆಯ ಆಸ್ಪತ್ರೆಗೆ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅಜ್ಜಿ ಬರಲಿಲ್ಲ. ದಾರಿಯುದ್ದಕ್ಕೂ ಯೋನಾ ನನ್ನ ತೋಳಿಗೆ ಒರಗಿದ್ದಳು. ಅವಳ ಉಸಿರು ಕಿರಿದಾದ ಕಿಟಕಿಯಿಂದ ಗಾಳಿ ನುಗ್ಗಿದಂತೆ ಕೇಳುತ್ತಿತ್ತು. ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ನಾನೂ ಉಸಿರು ಹಿಡಿಯುತ್ತಿದ್ದೆ. ನಾನು ಹಿಡಿದರೆ ಅವಳಿಗೆ ಏನು ಉಪಯೋಗ?

ಡಾಕ್ಟರ್ ಪಾಂಚೇವಾ ದಪ್ಪ ದನಿಯ, ಕುಳ್ಳಗಿನ ಹೆಂಗಸು. ಯೋನಾಳ ಮುಂಗೈಯ ಒಳಬದಿಗೆ ಸಾಲಾಗಿ ಬೇರೆ ಬೇರೆ ಪರಾಗದ ಸಾರದ ಹನಿ ಹಾಕಿ ಸೂಜಿಯಿಂದ ಮೆಲ್ಲಗೆ ಚುಚ್ಚಿದರು. ಕಾಯುತ್ತಿರುವಾಗ ಕೆಲವು ಚುಕ್ಕೆಗಳು ಸೊಳ್ಳೆ ಕಚ್ಚಿದಂತೆ ಎದ್ದವು.

"ಇದು ಮಾಚಿಪತ್ರೆ. ಇದು ಅದರ ಅಣ್ಣ, ಅಮೆರಿಕದಿಂದ ಬಂದ ಕಳೆ. ಅದು ಸರಿ, ಕಣ್ಣು ಯಾಕಿಷ್ಟು ಕೆಟ್ಟಿದೆ? ಯಾವುದರಿಂದ ತೊಳೆದ್ರಿ?"

"ಲಾಯ್ಕಾ."

ಅವರು ಪೆನ್ನು ಕೆಳಗಿಟ್ಟರು. "ಗೊತ್ತಿತ್ತು ನನಗೆ! ನಮ್ಮ ಜನಾನೇ ಹೀಗೆ. ಮನೆ ಕುಸಿದು ಬಿದ್ರೂ ಮೊದಲು ಲಾಯ್ಕಾ ಕುದಿಸ್ತಾರೆ. ನೋಡಮ್ಮ, ಲಾಯ್ಕಾ, ಮಾಚಿಪತ್ರೆ, ಸಾವಿರೆಲೆ, ಚೆಂಡುಹೂವು ಎಲ್ಲ ಒಂದೇ ಕುಟುಂಬ, ಸೇವಂತಿಗೆ ಕುಟುಂಬ. ಒಂದಕ್ಕೆ ಹೆದರೋ ಮೈಗೆ ಇನ್ನೊಂದನ್ನ ಕಂಡ್ರೂ ಅದೇ ಕಳ್ಳ ಬಂದ ಅನ್ನಿಸುತ್ತೆ. ಮೈಯೊಳಗೆ ಕಾವಲು ಕಣಗಳಿವೆ. ಅವು ಗಾಬರಿಯಾಗಿ ಹಿಸ್ಟಮಿನ್ ಚೆಲ್ಲುತ್ವೆ. ಉಬ್ಬು, ನೀರು, ಸಿಳ್ಳೆ ಎಲ್ಲ ಅದರಿಂದ."

ಇನ್‌ಹೇಲರ್ ಬರೆದುಕೊಟ್ಟರು, ಸಿರಪ್ ಬರೆದುಕೊಟ್ಟರು. ಎದೆಯ ಸಿಳ್ಳೆ ಹಿಡಿತಕ್ಕೆ ಬರದಿದ್ದರೆ ಈ ವರ್ಷ ಶಾಲೆಗೆ ಕಳಿಸುವುದು ಬೇಡ ಅಂದರು. ಯೋನಾ ಅದನ್ನು ಕೇಳಿಸಿಕೊಂಡಳು.

ನಾನು ಕೇಳಿದೆ, "ಕೆರಳಿಸೋ ಗಿಡ ಇದ್ದ ಹಾಗೆ ಸಮಾಧಾನ ಮಾಡೋ ಗಿಡಾನೂ ಇರುತ್ತಾ?"

"ಇರಬಹುದು. ಮಾತೋಚಿನಾ ಗೊತ್ತಲ್ಲ, ನಿಂಬೆ ವಾಸನೆಯ ಎಲೆ? ಅದರಲ್ಲಿ, ಕಾಮಕಸ್ತೂರಿಯಲ್ಲಿ, ಬೆಟ್ಟದ ಸೇಜ್ ಎಲೆಯಲ್ಲಿ ಒಂದು ಆಮ್ಲ ಇದೆ. ಈರುಳ್ಳಿ ಸಿಪ್ಪೆಯಲ್ಲಿ ಇನ್ನೊಂದು ವಸ್ತು. ಆ ಕಣಗಳ ಗಾಬರಿಯನ್ನ ಇವು ಇಳಿಸೋದು ಪ್ರಯೋಗಾಲಯದಲ್ಲಿ ಕಂಡಿದೆ. ಇಲಿಗಳಲ್ಲಿ ಕಂಡಿದೆ. ಒಂದಿಷ್ಟು ಜನರಲ್ಲೂ ಸ್ವಲ್ಪ ಕಂಡಿದೆ. ಆದರೆ ಅವರಿಗೆ ಕೊಟ್ಟದ್ದು ಗಟ್ಟಿ ಸಾರ. ನಿಮ್ಮಜ್ಜಿ ಕುದಿಸೋ ಲೋಟದಲ್ಲಿ ಎಷ್ಟಿರುತ್ತೆ, ಈ ಮಗುವಿಗೆ ಸಾಕಾಗುತ್ತಾ, ನನಗೆ ಗೊತ್ತಿಲ್ಲ. ಕುಡಿಸ್ಬೇಕು ಅಂದ್ರೆ ಕುಡಿಸಿ, ಮೊದಲು ಒಂದೇ ಚಮಚ, ಆಮೇಲೆ ಕಾದು ನೋಡಿ. ಇನ್‌ಹೇಲರ್ ಮಾತ್ರ ಬಿಡೋ ಹಾಗಿಲ್ಲ."

ಗೊತ್ತಿಲ್ಲ ಎಂದು ಹೇಳುವ ದೊಡ್ಡವರನ್ನು ನಾನು ಹೆಚ್ಚು ಕಂಡಿಲ್ಲ.

ಮನೆಗೆ ಬಂದು ಎಲ್ಲ ಹೇಳಿದೆ. ಅಜ್ಜಿ ಲಾಯ್ಕಾ ಜಾಡಿಯನ್ನು ಕಪಾಟಿನ ಮೇಲಕ್ಕೆ ತಳ್ಳಿದಳು. "ನಾನು ಈ ಕೈಯಿಂದ ಎಷ್ಟು ಮಕ್ಕಳ ಕಣ್ಣು ತೊಳೆದಿಲ್ಲ" ಎಂದಷ್ಟೇ ಅಂದಳು.

ಜುಲೈ 20

ಪಕ್ಕದ ಮನೆಯ ಸ್ತೋಯ್ನಾ ಅತ್ತೆ ಒಣಗಿಸಿದ ಗಿಡ ಕೊಳ್ಳಲು ಬಂದಳು, ಜೊತೆಗೆ ಕೆಳಗಿನ ಊರಿನ ಇಬ್ಬರು. ಯೋನಾ ಅಂಗಳದಲ್ಲಿ ಬೆಕ್ಕಿನ ಹಿಂದೆ ಓಡುತ್ತಿದ್ದಳು.

"ನೋಡ್ರೇ, ತೋತಜ್ಜಿ ಕೈಗುಣ! ಹೋದ ವಾರ ಈ ಹುಡುಗಿ ಸತ್ತ ಹಾಗಿದ್ಳು. ಯಾವ ಗಿಡ ಕೊಟ್ರಿ ಅಜ್ಜಿ?"

ಅಜ್ಜಿ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ. "ಗಿಡ ಅಲ್ಲ ಅತ್ತೆ, ಇನ್‌ಹೇಲರ್. ಗಿಡದಿಂದ ಜಾಸ್ತಿ ಆಗಿತ್ತು."

"ಅಯ್ಯೋ, ನಿನ್ನ ನಾಲಿಗೆಗೆ ಒಂದು ಗಂಟು ಹಾಕಬಾರ್ದೇನೇ ಗಿನ್ಕಾ!" ಎಂದು ಸ್ತೋಯ್ನಾ ಅತ್ತೆ ನಕ್ಕಳು. ಉಳಿದಿಬ್ಬರು ಕೈಲಿದ್ದ ಪೊಟ್ಟಣ ಕೆಳಗಿಟ್ಟರು.

ಅಜ್ಜಿ ಒಳಗೆ ಹೋದಳು.

ಜುಲೈ 21

ಅಜ್ಜಿ ಮಾತಾಡುತ್ತಿಲ್ಲ. ಹುರುಳಿಕಾಯಿ ಸೂಪನ್ನು ನನ್ನ ಮುಂದೆ ಕುಕ್ಕಿದಳು. ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೂ ಅರ್ಧ ಸೂಪು ಹಾಗೇ ಬಿಟ್ಟು ಎದ್ದೆ.

ಆಗಸ್ಟ್ 3

ದಾರಿಯ ಬದಿಯಲ್ಲೆಲ್ಲ ಮಾಚಿಪತ್ರೆ ಹೂ ಬಿಟ್ಟಿದೆ. ನನ್ನ ಸೊಂಟದವರೆಗೂ ಬೆಳೆದಿದೆ. ಇಷ್ಟು ವರ್ಷ ಅದು ಇದೆಯೆಂದೇ ನೋಡಿರಲಿಲ್ಲ. ಈಗ ಗಾಳಿ ಬೀಸಿದರೆ ಓಡಿಹೋಗಿ ಬಾಗಿಲು ಹಾಕುತ್ತೇನೆ. ಯೋನಾಳ ಕೋಣೆಯ ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿದ್ದೇನೆ. ಹಗಲೆಲ್ಲ ಅವಳು ಒಳಗೇ. ಕೋಣೆಯಲ್ಲಿದ್ದರೆ ಕ್ಷೇಮ.

ಬೇಸರ ಕಳೆಯಲು ಒಂದು ಆಟ ಮಾಡಿದ್ದೇವೆ. ಒಲೆ ಹಚ್ಚಲು ಇಟ್ಟಿದ್ದ ನನ್ನ ಹಳೆಯ ಜೀವಶಾಸ್ತ್ರದ ಪುಸ್ತಕ ಸಿಕ್ಕಿತು. ಮೊದಲ ಪುಟಗಳು ಬೂದಿಯಾಗಿವೆ, ಗಿಡಗಳ ಭಾಗ ಉಳಿದಿದೆ. ಮಾತೋಚಿನಾ, ಪುದೀನ, ಕಾಮಕಸ್ತೂರಿ, ಬೆಟ್ಟದ ಚಹಾ ಇವೆಲ್ಲ ಒಂದು ಕುಟುಂಬ. ಹೂವಿಗೆ ತುಟಿಗಳಿರುತ್ತವೆ, ದಂಟು ಚೌಕ. ಬೆರಳ ನಡುವೆ ಹೊರಳಿಸಿದರೆ ಮೂಲೆಗಳು ಸಿಗುತ್ತವೆ. ಯೋನಾ ಕಣ್ಣು ಮುಚ್ಚಿ ಹೊರಳಿಸಿ "ಚೌಕ!" "ದುಂಡು!" ಎಂದು ಕೂಗುತ್ತಾಳೆ.

"ದುಂಡು ಎಲ್ಲಾ ಕೆಟ್ಟದ್ದಾ ಚಿಕ್ಕಿ?"

"ಇಲ್ಲ. ದುಂಡಲ್ಲಿ ಒಳ್ಳೇವೂ ಇದಾವೆ. ದುಂಡು ಅಂದ್ರೆ ಹೂವನ್ನೂ ನೋಡ್ಬೇಕು. ಒಂದು ಹೂವಿನೊಳಗೆ ನೂರಾರು ಚಿಕ್ಕ ಹೂವು ಕೂತಿದ್ರೆ ಅದು ಸೇವಂತಿಗೆ ಮನೆದು."

ಪೆಪಾ ಫೋನ್ ಮಾಡಿದ್ದಳು. ನನ್ನ ಜಾಗಕ್ಕೆ ಬೇರೆಯವರು ಬಂದರಂತೆ. ಹೋಟೆಲಿನ ಮಾತೇ ಮರೆತಿದ್ದೆ, ಯಾವ ಜಾಗ ಎಂದು ಕೇಳಿದೆ. ಅವಳಿಗೆ ಸಿಟ್ಟು ಬಂತು.

ಆಗಸ್ಟ್ 8

ಕಿಟಕಿ ಮುಚ್ಚಿದ ಮೇಲೆ ಸಿಳ್ಳೆ ಕಡಿಮೆಯಾಗಬೇಕಿತ್ತು. ಹೆಚ್ಚಾಗಿದೆ. ಯಾಕೆ?

ಆಗಸ್ಟ್ 12

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಬೆಳಗಿನ ತಿಂಡಿಗೆ ಕರೆಯಲು ಹೋದಾಗ ಯೋನಾ ಮಂಚದ ಅಂಚಿನಲ್ಲಿ ಕೂತು ಎರಡೂ ಕೈಗಳನ್ನು ಮೊಣಕಾಲ ಮೇಲೆ ಊರಿದ್ದಳು. ಹೆಗಲು ಮೇಲೆ ಕೆಳಗೆ ಹೋಗುತ್ತಿತ್ತು. ಗಂಟಲ ಕೆಳಗಿನ ಗುಳಿ ಒಳಗೆ ಎಳೆದುಕೊಳ್ಳುತ್ತಿತ್ತು. ಕರೆದರೆ ಉತ್ತರವಿಲ್ಲ. ಮಾತಾಡಲು ಗಾಳಿ ಸಾಲದು. ಇನ್‌ಹೇಲರ್ ಕೊಟ್ಟೆ, ಮತ್ತೆ ಕೊಟ್ಟೆ. ಅಜ್ಜಿ ಬಾಗಿಲಲ್ಲಿ ಮೂರು ಬೆರಳು ಜೋಡಿಸಿ ಎದೆಗೆ ಶಿಲುಬೆ ಬರೆದುಕೊಳ್ಳುತ್ತ ನಿಂತಿದ್ದಳು. ಸ್ತೋಯ್ನಾ ಅತ್ತೆಯ ಗಂಡ ಕಾರು ತೆಗೆದ. ಹಿಂದಿನ ಸೀಟಿನಲ್ಲಿ ನಾನು ಅವಳ ಬೆನ್ನಿಗೆ ಎದೆ ಕೊಟ್ಟು ಕೂತೆ. ಅವಳ ತುಟಿಯ ಬಣ್ಣ ನೋಡುವ ಧೈರ್ಯ ನನಗಿರಲಿಲ್ಲ. ಒಮ್ಮೆ ನೋಡಿದೆ. ಮತ್ತೆ ನೋಡಲಿಲ್ಲ.

ಆಸ್ಪತ್ರೆಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿ ಹೊಗೆಯಂಥ ಔಷಧಿ ಬಿಟ್ಟರು. ನಿಧಾನವಾಗಿ ಹೆಗಲು ಇಳಿಯಿತು. ಮಾಸ್ಕಿನೊಳಗಿಂದ ಅವಳು ಕೇಳಿದ ಮೊದಲ ಮಾತು, "ನಾನು ಸ್ಕೂಲಿಗೆ ಹೋಗಲ್ವಾ ಚಿಕ್ಕಿ?"

ನಾನು ಸುಳ್ಳು ಹೇಳಲಾರೆ. "ಗೊತ್ತಿಲ್ಲ ಪುಟ್ಟಿ" ಅಂದೆ. ಅವಳು ಗೋಡೆಯ ಕಡೆ ತಿರುಗಿದಳು.

ಪಾಂಚೇವಾ ಡಾಕ್ಟರ್ ಬಂದು ನನ್ನನ್ನು ಕೂರಿಸಿದರು. "ಕಿಟಕಿ ಮುಚ್ಚಿದ್ರೂ ಹೆಚ್ಚಾಗಿದೆ ಅಂದ್ರೆ ಕಳ್ಳ ಹೊರಗಿಲ್ಲ, ಒಳಗಿದ್ದಾನೆ. ಆ ಕೋಣೆಯಲ್ಲಿ ಏನೇನಿದೆ, ಒಂದೂ ಬಿಡದೆ ಹೇಳು."

ಹೇಳಿದೆ. ಮಂಚ. ಉಣ್ಣೆ ಕಂಬಳಿ, ಅದನ್ನು ಬಿಸಿಲಿಗೆ ಹಾಕಿದ್ದೇನೆ. ಕುರ್ಚಿ. ಬಟ್ಟೆ ಪೆಟ್ಟಿಗೆ. ದೇವಮಾತೆ ಮರಿಯಮ್ಮನ ಚಿತ್ರಪಟ. ಮೇಲೆ ತೊಲೆಗೆ ಎನ್ಯೊವ್ದೆನ್ ಮಾಲೆ

ಅಲ್ಲಿಗೆ ನನ್ನ ಬಾಯಿ ನಿಂತಿತು.

ಲಾಯ್ಕಾ, ಸಾವಿರೆಲೆ, ಚೆಂಡುಹೂವು, ಹಳದಿ ಹೂವಿನ ಎಲ್ಲ ಬಗೆ. ಒಣಗಿ, ಪುಡಿಯಾಗಿ, ಅವಳ ದಿಂಬಿನ ಮೇಲೆ ದಿನವೂ ಉದುರುತ್ತಿದೆ. ಅದರ ಕೆಳಗೆ ನಾನೇ ಕಿಟಕಿ ಮುಚ್ಚಿ ಅವಳನ್ನು ಕೂರಿಸಿದ್ದೇನೆ. ಪುಸ್ತಕ ಹಿಡಿದು ಹೂವು ಹೇಗಿರುತ್ತದೆಂದು ಪಾಠ ಮಾಡಿದ್ದೇನೆ. ತಲೆ ಎತ್ತಿ ನೋಡಲಿಲ್ಲ.

ಡಾಕ್ಟರ್ ಬೈಯಲಿಲ್ಲ. "ನಮ್ಮನೇಲೂ ತೂಗಾಡ್ತಿದೆ ಒಂದು" ಅಂದರು.

ಆಗಸ್ಟ್ 13

ಯೋನಾ ಇನ್ನೂ ಆಸ್ಪತ್ರೆಯಲ್ಲಿ, ಸ್ತೋಯ್ನಾ ಅತ್ತೆ ಜೊತೆಗಿದ್ದಾಳೆ. ಕೋಣೆ ತೊಳೆಯಲು ನಾನು ಮನೆಗೆ ಬಂದೆ.

"ಅಜ್ಜಿ, ಮಾಲೆ ಇಳಿಸ್ಬೇಕು."

"ಮುಂದಿನ ಎನ್ಯೊವ್ದೆನ್‌ವರೆಗೆ ಇಳಿಸಬಾರ್ದು. ನನ್ನಮ್ಮ ಇಳಿಸ್ಲಿಲ್ಲ, ಅವಳಮ್ಮನೂ ಇಳಿಸ್ಲಿಲ್ಲ."

"ಅವರ ಮಕ್ಕಳಿಗೆ ಉಸಿರು ಕಟ್ಟಿರ್ಲಿಲ್ಲ."

"ಕಟ್ಟಿತ್ತು" ಅಂದಳು ಅಜ್ಜಿ. "ನನ್ನ ತಂಗಿ ಒಬ್ಳಿದ್ಳು. ಪ್ರತಿ ಬೇಸಿಗೆ ಕೆಮ್ಮೋಳು. ಆ ಅರ್ಧ ರೋಗ ಅವಳಿಗಿದೆ ಅಂತ ಅಮ್ಮ ಹೇಳೋಳು. ಮಾಲೆಯಿಂದ ಚಿಟಿಕೆ ಚಿಟಿಕೆ ಮುರಿದು ಕುಡಿಸೋಳು." ನನ್ನ ಕಡೆ ನೋಡದೆ ಮುಂದುವರಿಸಿದಳು. "ನಾನೂ ಕುಡಿಸಿದೀನಿ. ಯೋನಾಗೆ. ದಿನಾ ಸಂಜೆ. ನೀನು ಲಾಯ್ಕಾ ಜಾಡಿ ನೋಡ್ತಿದ್ದೆ, ಮಾಲೆ ನೋಡ್ಲಿಲ್ಲ."

ಕೂಗಾಡಬೇಕೆಂದು ಬಾಯಿ ತೆರೆದೆ. ಅವಳ ಗದ್ದ ನಡುಗುತ್ತಿತ್ತು. ಕುರ್ಚಿ ತಂದು ತೊಲೆಯ ಕೆಳಗಿಟ್ಟೆ, ಅಷ್ಟೆ.

ಅಜ್ಜಿಯೇ ಹತ್ತಿದಳು. ಇಳಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಂಗಳದ ಕಲ್ಲಿನ ಮೇಲಿಟ್ಟು ಬಿಚ್ಚಲು ಕೂತಳು. ಸುಡುತ್ತೇನೆ ಅಂದಳು. ಹೊಗೆ ಬೇಡ ಅಂದೆ. ಹಾಗಾದರೆ ಹೊಳೆಗೆ ಅಂದಳು. ಒಂದೊಂದೇ ದಂಟನ್ನು ಬೆರಳಲ್ಲಿ ಹೊರಳಿಸಿ ನನಗೆ ಕೊಡುತ್ತ ಹೋದಳು. "ಇದು?" "ಚೌಕ ಅಜ್ಜಿ, ಇರಲಿ." "ಇದು?" "ದುಂಡು. ಹೂವು ತೋರ್ಸು. ಹೊಳೆಗೆ." ಪುಸ್ತಕದಲ್ಲಿಲ್ಲದ ಗಿಡಗಳು ಬಹಳ ಇದ್ದವು. ಅವಕ್ಕೆ ಇಬ್ಬರೂ ತಲೆ ಕೆರೆದುಕೊಂಡೆವು. ಅನುಮಾನ ಬಂದದ್ದೂ ಹೊಳೆಗೆ. ಯೋನಾ ಕಣ್ಣು ಮುಚ್ಚಿ ಕಿತ್ತ ಲಾಯ್ಕಾ ಸಿಕ್ಕಾಗ ಅಜ್ಜಿ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಳು. ಅದನ್ನು ಹೊಳೆಗೆ ಒಯ್ದವಳೂ ಅವಳೇ.

ಉಳಿದದ್ದು ಒಂದು ಹಿಡಿ. ಅದನ್ನೂ ಒಳಗೆ ಕಟ್ಟಲಿಲ್ಲ.

ಆಗಸ್ಟ್ 30

ಯೋನಾ ಮನೆಗೆ ಬಂದು ಕೆಲವು ದಿನವಾಯಿತು. ಸಿಳ್ಳೆ ಒಮ್ಮೊಮ್ಮೆ ಮಾತ್ರ. ಬೆಳಿಗ್ಗೆ ಸಂಜೆ ಇನ್‌ಹೇಲರ್. ಮೊದಲು ಒಂದು ಚಮಚ ಮಾತೋಚಿನಾ ಕಷಾಯ, ಮರುದಿನ ಎರಡು, ಈಗ ಅರ್ಧ ಲೋಟ, ಜೇನುತುಪ್ಪ ಹಾಕದೆ. ಜೇನಿನಲ್ಲೂ ಪರಾಗ ಇರುತ್ತದಂತೆ.

ಯಾವುದರಿಂದ ವಾಸಿ ಎಂದು ಅಕ್ಕ ಫೋನಿನಲ್ಲಿ ಕೇಳಿದಳು. ಮಾಲೆ ಹೋಯಿತು, ಔಷಧಿ ಬಂತು, ಮಾಚಿಪತ್ರೆ ಹೂ ಉದುರುತ್ತಿದೆ, ಕಷಾಯವೂ ಇದೆ. ಎಲ್ಲ ಒಟ್ಟಿಗೆ ಆಗಿದೆ. "ಕಷಾಯದಿಂದ ಏನಾದ್ರೂ ಆಯ್ತಾ ಅಂತ ನಂಗೆ ಗೊತ್ತಿಲ್ಲ ಅಕ್ಕ. ಆಗಿರ್ಬಹುದು" ಅಂದೆ. ಒಂದೊಂದನ್ನೇ ಬೇರೆ ಮಾಡಿ ನೋಡಲು ಯಾವುದಾದರೂ ದಾರಿ ಇರಬೇಕು. ಇಲಿಗಳಲ್ಲಿ ಹೇಗೆ ನೋಡುತ್ತಾರೋ.

ಸ್ತೋಯ್ನಾ ಅತ್ತೆ ಮೊಮ್ಮಗನ ಕಣ್ಣಿಗೆ ಲಾಯ್ಕಾ ಕೇಳಲು ಬಂದಳು. ಅಜ್ಜಿ ಕಪಾಟಿನ ಮೇಲಿನ ಜಾಡಿ ಇಳಿಸಿದಳು, ಮುಚ್ಚಳ ಮಾತ್ರ ತೆಗೆಯಲಿಲ್ಲ.

"ಮೊದಲು ಹೇಳು. ಬೇಸಿಗೇಲಿ ಅವನಿಗೆ ಸೀನು ಬರುತ್ತಾ?"

"ಬಂದ್ರೆ ಏನಜ್ಜಿ?"

"ಬಂದ್ರೆ ಗಿನ್ಕಾನ ಕೇಳು."

ನನ್ನ ಕಡೆ ನೋಡಲಿಲ್ಲ. ಆದರೆ ಇವತ್ತು ಸೂಪು ಕುಕ್ಕಲಿಲ್ಲ, ಮೆಲ್ಲಗೆ ಇಟ್ಟಳು.

ಸೆಪ್ಟೆಂಬರ್ 12

ಡಾಕ್ಟರ್ ಎದೆಗೆ ಕೊಳವೆ ಇಟ್ಟು ಕೇಳಿ, ಶಾಲೆಗೆ ಹೋಗಬಹುದು ಅಂದರು. ಖುಷಿ ಬಸ್ಸು ಹತ್ತುವವರೆಗೂ ಇತ್ತು. ಆಮೇಲೆ ನೆನಪಾಯಿತು.

ಹದಿನೈದಕ್ಕೆ ಶಾಲೆ ತೆರೆಯುವಾಗ ಒಂದೊಂದು ಮಗುವೂ ಟೀಚರಿಗೆ ಹೂಗುಚ್ಛ ಒಯ್ಯುತ್ತದೆ. ಈ ತಿಂಗಳಲ್ಲಿ ತೋಟದಲ್ಲಿ ಇರುವುದೇನು? ಸೇವಂತಿಗೆ, ಆಸ್ಟರ್, ಡೇಲಿಯಾ. ಪುಸ್ತಕ ತೆಗೆದು ನೋಡಿದೆ. ಎಲ್ಲ ಅದೇ ಮನೆಯವು. ಇಡೀ ತರಗತಿ ಅವುಗಳಿಂದ ತುಂಬಿರುತ್ತದೆ. ಯೋನಾ ಕೂರುವುದು ಎಲ್ಲಿ?

ಬೊಗ್ದಾಂಕಾ ಟೀಚರ್ ಮನೆಗೆ ಹೋದೆ. ನನಗೂ ಒಂದನೇ ತರಗತಿಗೆ ಅವರೇ. ಶಾಲೆ ಬಿಟ್ಟ ಮೇಲೆ ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದೆ. ಕಾವಲು ಕಣ, ಸೇವಂತಿಗೆ ಕುಟುಂಬ, ಆಸ್ಪತ್ರೆ ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. ಅವರು ಕೇಳಿಸಿಕೊಂಡು, "ಬಂದ ಹೂವನ್ನೆಲ್ಲ ಅಂಗಳದಲ್ಲೇ ಬಕೆಟ್ಟಿಗೆ ಹಾಕಿಸ್ತೀನಿ. ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಆದರೆ ಅವಳ ಕೈ ಖಾಲಿ ಇದ್ರೆ ಅವಳೇ ಅಳ್ತಾಳೆ, ನೋಡ್ಕೋ" ಅಂದರು.

ಸೆಪ್ಟೆಂಬರ್ 15

ಅಜ್ಜಿ ಬೆಳಿಗ್ಗೆ ತೋಟದಿಂದ ಬಂದಾಗ ಕೈತುಂಬ ಕಾಮಕಸ್ತೂರಿ, ಮಾತೋಚಿನಾ, ಪುದೀನ, ನೇರಳೆ ತುಟಿಗಳ ಸೇಜ್. ಮನೆಯೆಲ್ಲ ಘಮಘಮ. ಯೋನಾಳ ಕಣ್ಣು ಮುಚ್ಚಿಸಿ ಒಂದೊಂದೇ ದಂಟು ಅವಳ ಬೆರಳಿಗೆ ಕೊಟ್ಟಳು. "ಚೌಕ. ಚೌಕ. ಚೌಕ. ಅಜ್ಜಿ, ಎಲ್ಲಾ ಚೌಕ!" ಕೆಂಪು ದಾರದಲ್ಲಿ ಕಟ್ಟಿಕೊಟ್ಟಳು. ಗೇಟಿನಲ್ಲಿ ತಂಬಿಗೆ ನೀರು ಚೆಲ್ಲಿದಳು, ಅವಳ ದಾರಿ ನೀರಿನ ಹಾಗೆ ಸಲೀಸಾಗಿ ಹರಿಯಲಿ ಎಂದು. ನಾನು ದಾಟುವಾಗ ಇನ್ನೂ ಸ್ವಲ್ಪ ಚೆಲ್ಲಿದಳು. ಕೈ ಜಾರಿತು ಅಂದಳು.

ಶಾಲೆಯ ಅಂಗಳ ಬಣ್ಣಬಣ್ಣದ ಸೇವಂತಿಗೆಯ ಕಾಡಾಗಿತ್ತು. ಇನ್‌ಹೇಲರನ್ನು ಜೇಬಿನಲ್ಲಿ ಹಿಡಿದೇ ನಡೆದೆ. ಯಾರೋ ಹುಡುಗ ಯೋನಾಳ ಕೈ ನೋಡಿ, "ಅದೇನು, ಸೂಪಿಗಾ?" ಅಂದ. "ನಿನ್ನದು ದುಂಡು" ಅಂದಳು ಯೋನಾ, ದೊಡ್ಡ ಬೈಗುಳ ಬೈದವಳ ಹಾಗೆ. ಎರಡು ಸಲ ಸೀನಿದಳು. ನಾನು ಮುಂದೆ ಹೋದೆ. ಬೊಗ್ದಾಂಕಾ ಟೀಚರ್ ಹೂಗಳನ್ನೆಲ್ಲ ಬಕೆಟ್ಟಿಗಿಳಿಸಿ, ಕೆಂಪು ದಾರದ ಗುಚ್ಛವೊಂದನ್ನೇ ಒಳಗೆ ಒಯ್ದರು.

ನಾನು ಕಿಟಕಿಯ ಹೊರಗೆ ನಿಂತು ಯೋನಾಳ ಹೆಗಲು ನೋಡುತ್ತಿದ್ದೆ.

"ಗಿನ್ಕಾ, ಹಿಂದಿನ ಬೆಂಚು ಖಾಲಿ ಇದೆ" ಅಂದರು ಟೀಚರ್. "ಹೊರಗೆ ನಿಂತು ಗಾಜಿಗೆ ಉಸಿರು ಹಚ್ಚಬೇಡ."

ಒಳಗೆ ಹೋಗಿ ಕೂತೆ. ಮೊಣಕಾಲು ಮೇಜಿಗೆ ತಾಗುತ್ತಿತ್ತು. ಟೀಚರ್ ಮೊದಲ ಅಕ್ಷರ ಬರೆದರು. ಯೋನಾಳ ಹೆಗಲು ನೆಟ್ಟಗೆ, ಸದ್ದಿಲ್ಲದೆ ಏರಿ ಇಳಿಯುತ್ತಿತ್ತು. ಆಮೇಲೆ ಎಣಿಸಲು ಹೇಳಿಕೊಟ್ಟರು, ಒಂದು ಹಾಡು ಹೇಳಿಸಿದರು. ಗಂಟೆ ಹೊಡೆದಾಗಲೇ ಗೊತ್ತಾದದ್ದು, ಇನ್‌ಹೇಲರನ್ನು ಯಾವಾಗಲೋ ಮೇಜಿನ ಮೇಲಿಟ್ಟಿದ್ದೇನೆ.

ನಾಳೆಯೂ ಹೋಗಬೇಕು, ಯೋನಾಳನ್ನು ನೋಡಿಕೊಳ್ಳಲು. ಹಾಗೆಯೇ ನನ್ನ ಪುಸ್ತಕದಲ್ಲಿ ಸುಟ್ಟುಹೋದ ಮೊದಲ ಪುಟಗಳಲ್ಲಿ ಏನಿತ್ತೆಂದು ಟೀಚರನ್ನು ಕೇಳಬೇಕು.